ಕೀಲುನೋವಿನ ರಕ್ತಪರೀಕ್ಷೆ: ಉತ್ತರ ಬರುವ ತನಕ ಏನು ಮಾಡಬೇಕು?



ಬೆಳಗಿನ ಜಾವ ಹಾಲು ಕರೆಯಲು ಚೆಂಬು ಹಿಡಿದು ಕುಳಿತಿದ್ದೀರಿ. ಕೆಚ್ಚಲು ತುಂಬಿದೆ, ಕರು ಹಗ್ಗ ಜಗ್ಗುತ್ತಿದೆ. ಆದರೆ ನಿಮ್ಮ ಬೆರಳುಗಳು ಮಡಚುತ್ತಿಲ್ಲ. ಗೆಣ್ಣುಗಳು ಊದಿಕೊಂಡಿವೆ. ಬಿಸಿಲೇರಿ ಕೈ ಸಡಿಲವಾಗುವ ಹೊತ್ತಿಗೆ ಒಂದು ಗಂಟೆ ಕಳೆದುಹೋಗಿರುತ್ತದೆ. ಹೀಗೆಯೇ ಮೂರು ವಾರ ಆದ ಮೇಲೆ ನೀವು ಆರೋಗ್ಯ ಕೇಂದ್ರಕ್ಕೆ ಹೋದಿರಿ. ಡಾಕ್ಟರು ರಕ್ತ ತೆಗೆಸಿದರು. ಚೀಟಿ ಬಂತು. ಅದರಲ್ಲಿ ಎರಡು ಮೂರು ಅಂಕಿಗಳು ದಪ್ಪಕ್ಷರದಲ್ಲಿವೆ. ಡಾಕ್ಟರು ಅದನ್ನು ನೋಡಿ, “ಸಂಧಿವಾತ ಇರಬಹುದು, ಈಗಲೇ ಹೇಳಲಾಗದು. ಇನ್ನೊಂದು ಪರೀಕ್ಷೆಯಾಗಲಿ, ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿ” ಎಂದರು.

ಇಲ್ಲಿಂದ ಕಷ್ಟ ಪ್ರಾರಂಭವಾಗುತ್ತದೆ. ಕಾಯಿಲೆ ಇದೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮನೆಗೆ ಬಂದರೆ ಒಬ್ಬರು “ಇದು ವಾಯು, ಬದನೆಕಾಯಿ ಬಿಡು” ಎನ್ನುತ್ತಾರೆ. ಇನ್ನೊಬ್ಬರು “ನಮ್ಮ ಅತ್ತೆಗೂ ಹೀಗೇ ಆಗಿ ಕೈ ಸೊಟ್ಟಗಾಯಿತು” ಎಂದು ಹೆದರಿಸುತ್ತಾರೆ. ಮೂರನೆಯವರು ಸಂತೆಯಲ್ಲಿ ಸಿಗುವ ಪುಡಿಯ ಹೆಸರು ಹೇಳುತ್ತಾರೆ. ರಾತ್ರಿ ನಿದ್ರೆ ಬರುವುದಿಲ್ಲ.

ಈ ನಡುವಿನ ದಿನಗಳಲ್ಲಿ ಏನು ತಿಳಿದಿರಬೇಕು, ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ವಿವರಿಸಿದೆ. ನಿಮಗೆ ಬೇಡವಾದರೂ ಮನೆಯಲ್ಲಿ, ನೆರೆಯಲ್ಲಿ ಬೇಕಾದವರಿರಬಹುದು. ಓದಿ ಹೇಳಿರಿ.

ಎರಡು ಬಗೆಯ ಕೀಲುನೋವು

ಕೀಲುನೋವೆಲ್ಲ ಒಂದೇ ಅಲ್ಲ. ಗಾಡಿಯ ಅಚ್ಚು ಉಜ್ಜಿ ಉಜ್ಜಿ ಸವೆಯುವಂತೆ ವಯಸ್ಸಾದ ಮೇಲೆ ಮಂಡಿಯ ಕೀಲು ಸವೆಯುತ್ತದೆ. ಈ ನೋವು ದುಡಿದಷ್ಟೂ ಹೆಚ್ಚು, ಕುಳಿತರೆ ಕಡಿಮೆ.

ಇನ್ನೊಂದು ಬಗೆ ಉರಿಯೂತದ ಸಂಧಿವಾತ. ಹೊರಗಿನ ರೋಗಾಣುಗಳನ್ನು ಹೊಡೆಯಬೇಕಾದ ದೇಹದ ಕಾವಲುಪಡೆ ತಪ್ಪು ತಿಳಿದು ತನ್ನದೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಆಗ ಕೀಲು ಬಿಸಿಯಾಗುತ್ತದೆ, ಮೆತ್ತಗೆ ಊದುತ್ತದೆ, ನೋಯುತ್ತದೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬಿಗಿತವಿರುತ್ತದೆ. ಸುಮ್ಮನೆ ಕುಳಿತರೆ ಹೆಚ್ಚುತ್ತದೆ, ಕೈಕಾಲು ಆಡಿಸಿದರೆ ಸ್ವಲ್ಪ ಸಡಿಲವಾಗುತ್ತದೆ. ಬೆರಳ ಗೆಣ್ಣು, ಮಣಿಕಟ್ಟು, ಪಾದದ ಮುಂಭಾಗ ಇವು ಅದಕ್ಕೆ ಮೊದಲು ಸಿಕ್ಕುವ ಜಾಗಗಳು. ಅನೇಕ ವೇಳೆ ಎಡಗೈಯಲ್ಲಿ ಬಂದದ್ದು ಬಲಗೈಯಲ್ಲೂ ಬರುತ್ತದೆ. ಈ ಗುಂಪಿನಲ್ಲಿ ಮುಖ್ಯವಾದುದು ರುಮಟಾಯ್ಡ್ ಸಂಧಿವಾತ. ನೂರು ಮಂದಿ ವಯಸ್ಕರಲ್ಲಿ ಸುಮಾರಾಗಿ ಒಬ್ಬರಿಗೆ, ಅಥವಾ ಅದಕ್ಕಿಂತ ಕಡಿಮೆ ಮಂದಿಗೆ ಇದು ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಚೀಟಿಯಲ್ಲಿರುವ ಅಂಕಿಗಳು ಏನು ಹೇಳುತ್ತವೆ?

ಇ.ಎಸ್.ಆರ್. — ಕೆಸರು ನೀರಿಗೆ ಪಟಿಕ ಹಾಕಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಬೇಗ ತಳ ಸೇರುವುದನ್ನು ನೀವು ನೋಡಿದ್ದೀರಿ. ದೇಹದಲ್ಲಿ ಎಲ್ಲಿಯಾದರೂ ಉರಿಯೂತವಿದ್ದರೆ ರಕ್ತದಲ್ಲಿ ಕೆಲವು ಸಾರಗಳು ಹೆಚ್ಚಿ, ಕೆಂಪು ಕಣಗಳು ಹಾಗೆಯೇ ಅಂಟಿಕೊಂಡು ಬೇಗ ಕೆಳಗಿಳಿಯುತ್ತವೆ. ನಿಲ್ಲಿಸಿದ ಕೊಳವೆಯಲ್ಲಿ ಒಂದು ಗಂಟೆಗೆ ಎಷ್ಟು ಮಿಲಿಮೀಟರ್ ಇಳಿಯಿತು ಎಂಬುದೇ ಈ ಅಂಕಿ. ಸ್ವೀಡನ್ನಿನ ವೆಸ್ಟರ್‌ಗ್ರೆನ್ ಎಂಬ ವೈದ್ಯರು 1921ರಲ್ಲಿ ರೂಢಿಗೆ ತಂದ ಕ್ರಮ ಇಂದಿಗೂ ನಡೆದಿದೆ. ಆದರೆ ರಕ್ತಹೀನತೆ ಇದ್ದರೂ, ಬಸುರಿಯಾಗಿದ್ದರೂ, ವಯಸ್ಸಾದರೂ, ಯಾವುದೇ ಸೋಂಕಿದ್ದರೂ ಇದು ಏರುತ್ತದೆ.

ಸಿ.ಆರ್.ಪಿ. — ಉರಿಯೂತವಿದ್ದಾಗ ಪಿತ್ತಜನಕಾಂಗವು ತಯಾರಿಸುವ ಒಂದು ಪದಾರ್ಥ. 1930ರಲ್ಲಿ ಅಮೆರಿಕದಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಕಂಡರು. ಇದು ಗಂಟೆಗಳಲ್ಲಿ ಏರುತ್ತದೆ, ಕಾರಣ ಹೋದೊಡನೆ ಬೇಗ ಇಳಿಯುತ್ತದೆ. ಇ.ಎಸ್.ಆರ್. ಇಳಿಯಲು ವಾರಗಳು ಬೇಕು.

ಈ ಎರಡೂ ಮನೆಯ ನಾಯಿ ಬೊಗಳಿದಂತೆ. ಯಾರೋ ಬಂದಿದ್ದಾರೆ ಎಂಬುದು ಮಾತ್ರ ತಿಳಿಯುತ್ತದೆ. ಬಂದವನು ಕಳ್ಳನೋ, ನೆಂಟನೋ, ನಾಯಿಯಿಂದ ತಿಳಿಯದು. ಎದ್ದು ಹೋಗಿ ನೋಡಬೇಕು.

ಆರ್.ಎ. ಫ್ಯಾಕ್ಟರ್ — ಜನರನ್ನು ಅತಿ ಹೆಚ್ಚು ಹೆದರಿಸುವುದು ಇದು. 1940ರಲ್ಲಿ ನಾರ್ವೆ ದೇಶದ ಎರಿಕ್ ವಾಲರ್ ಎಂಬ ವೈದ್ಯರು ಸಂಧಿವಾತ ರೋಗಿಯೊಬ್ಬರ ರಕ್ತದ ರಸವು, ಪರೀಕ್ಷೆಗೆಂದು ಸಿದ್ಧಮಾಡಿದ ಕುರಿಯ ರಕ್ತಕಣಗಳನ್ನು ಗಂಟುಗಟ್ಟಿಸಿದ್ದನ್ನು ವರದಿ ಮಾಡಿದರು. 1948ರಲ್ಲಿ ಅಮೆರಿಕದಲ್ಲೂ ಅದೇ ಕಂಡಿತು. ಅಲ್ಲಿಂದ ಈ ಪರೀಕ್ಷೆ ಬಂತು. ಹೆಸರಿನಲ್ಲಿ ‘ಆರ್.ಎ.’ ಇರುವುದರಿಂದ ಪಾಸಿಟಿವ್ ಎಂದರೆ ರುಮಟಾಯ್ಡ್ ಇದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಅದು ಸರಿಯಲ್ಲ. ಯಾವ ಕಾಯಿಲೆಯೂ ಇಲ್ಲದ ನೂರು ಜನರ ರಕ್ತ ನೋಡಿದರೆ ಸುಮಾರು ಐವರಲ್ಲಿ ಇದು ಕಾಣುತ್ತದೆ. ಮುದುಕರಲ್ಲಿ ಇನ್ನೂ ಹೆಚ್ಚು. ಕ್ಷಯ, ಕುಷ್ಠ, ಹೆಪಟೈಟಿಸ್ ಸಿ ಎಂಬ ಪಿತ್ತಜನಕಾಂಗದ ಸೋಂಕು ಇವುಗಳಲ್ಲಿಯೂ ಬರಬಹುದು. ಇದಕ್ಕೆ ಎದುರಾಗಿ, ನಿಜವಾಗಿ ಕಾಯಿಲೆಯಿರುವ ನೂರು ಜನರಲ್ಲಿ ಇಪ್ಪತ್ತರಿಂದ ಮೂವತ್ತು ಜನಕ್ಕೆ ಇದು ಬರುವುದೇ ಇಲ್ಲ. ಹೀಗಿರುವಲ್ಲಿ ಇದೊಂದನ್ನೇ ನಂಬಿ ಅಳುವುದೂ ತಪ್ಪು, ನಿಶ್ಚಿಂತೆಯಿಂದ ಮಲಗುವುದೂ ತಪ್ಪು.

ಆಂಟಿ ಸಿ.ಸಿ.ಪಿ. — ಇದು ಸುಮಾರು 2000ದ ಇಸವಿಯಿಂದೀಚೆಗೆ ಬಂದ ಪರೀಕ್ಷೆ. ಪಾಸಿಟಿವ್ ಬಂದರೆ ಅದು ತಪ್ಪಾಗಿರುವುದು ಬಹಳ ಕಡಿಮೆ. ಆದುದರಿಂದ ಡಾಕ್ಟರು ಇದನ್ನು ಬಯಸುತ್ತಾರೆ. ಸಣ್ಣ ಲ್ಯಾಬುಗಳು ರಕ್ತವನ್ನು ಪಟ್ಟಣಕ್ಕೆ ಕಳಿಸಿ ಮಾಡಿಸುವುದರಿಂದ ಉತ್ತರಕ್ಕೆ ಕೆಲವು ದಿನ ಹಿಡಿಯಬಹುದು. ಇದು ಕೂಡ, ಕೀಲು ಊದುವುದಕ್ಕೆ ವರ್ಷಗಳ ಮೊದಲೇ ಕೆಲವರ ರಕ್ತದಲ್ಲಿ ಕಾಣಿಸಿಕೊಳ್ಳುವುದುಂಟು. ಊತವಿಲ್ಲದೆ ಇದು ಮಾತ್ರ ಬಂದರೆ ಡಾಕ್ಟರು ಆಗಾಗ ಕರೆಸಿ ನೋಡುತ್ತಿರುತ್ತಾರೆ.

ಡಾಕ್ಟರು ಏಕೆ ಒಂದೇ ಮಾತಿನಲ್ಲಿ ಹೇಳುವುದಿಲ್ಲ?

ಅಡಿಕೆ ಗಿಡದ ಗರಿ ಹಳದಿಯಾಯಿತು ಎನ್ನಿ. ಬುಡದಲ್ಲಿ ನೀರು ನಿಂತಿರಬಹುದು, ಗೊಬ್ಬರ ಸಾಲದಿರಬಹುದು, ಬೇರು ಕೊಳೆತಿರಬಹುದು, ಹಳದಿ ಎಲೆ ರೋಗವೇ ಬಂದಿರಬಹುದು. ತಿಳಿದ ರೈತ ಬುಡ ಕೆದಕಿ ನೋಡುತ್ತಾನೆ, ಪಕ್ಕದ ಗಿಡ ನೋಡುತ್ತಾನೆ, ಹೊಸ ಗರಿ ಹೇಗೆ ಬರುತ್ತದೆಂದು ಕಾದು ನೋಡುತ್ತಾನೆ. ಡಾಕ್ಟರು ಮಾಡುವುದೂ ಇದನ್ನೇ.

ಅಮೆರಿಕ ಮತ್ತು ಯೂರೋಪಿನ ಕೀಲುರೋಗ ತಜ್ಞರು ಸೇರಿ 2010ರಲ್ಲಿ ಒಂದು ಅಂಕಗಳ ಪಟ್ಟಿ ಮಾಡಿದರು. ಅದು ತಿಳಿದರೆ ಈ ಕಾಯುವಿಕೆಯ ಅರ್ಥ ತಾನೇ ಹೊಳೆಯುತ್ತದೆ. ಮೊದಲನೆಯ ನಿಯಮ: ಒಂದು ಕೀಲಾದರೂ ನಿಜವಾಗಿ ಊದಿರಬೇಕು, ಅದಕ್ಕೆ ಬೇರೆ ಕಾರಣ ಇರಬಾರದು. ಆ ಮೇಲೆ ಅಂಕ. ಒಟ್ಟು 10ಕ್ಕೆ 6 ಬಂದರೆ ರುಮಟಾಯ್ಡ್ ಎಂದು ಎಣಿಸುತ್ತಾರೆ. ಕೀಲುಗಳ ಸಂಖ್ಯೆಗೆ ಹೆಚ್ಚೆಂದರೆ 5 ಅಂಕ. ಆರ್.ಎ. ಫ್ಯಾಕ್ಟರ್, ಆಂಟಿ ಸಿ.ಸಿ.ಪಿ. ಇವುಗಳಲ್ಲಿ ಯಾವುದಾದರೂ ಅಲ್ಪ ಏರಿದ್ದರೆ 2, ಮೂರು ಪಟ್ಟಿಗೂ ಮೀರಿದ್ದರೆ 3. ಇ.ಎಸ್.ಆರ್. ಅಥವಾ ಸಿ.ಆರ್.ಪಿ. ಏರಿದ್ದರೆ 1. ಆರು ವಾರ ತುಂಬಿದ್ದರೆ 1.

ಈಗ ಲೆಕ್ಕ ಹಾಕಿರಿ. ರಕ್ತದ ಪರೀಕ್ಷೆಗಳೆಲ್ಲ ಕೆಟ್ಟದಾಗಿ ಬಂದರೂ ಸಿಗುವುದು 3 ಮತ್ತು 1, ಒಟ್ಟು 4. ಅಂದಮೇಲೆ ಬರಿಯ ರಕ್ತದಿಂದ ಯಾರಿಗೂ ಈ ಕಾಯಿಲೆಯ ಹೆಸರು ಅಂಟುವುದಿಲ್ಲ. ಕೀಲನ್ನು ಕೈಯಿಂದ ಮುಟ್ಟಿ ನೋಡಲೇಬೇಕು.

ಇನ್ನೊಂದು ಲೆಕ್ಕ. ನಿಮಗೆ ಎರಡು ಗೆಣ್ಣು ಊದಿವೆ, ಅದಕ್ಕೆ 2. ಆರ್.ಎ. ಫ್ಯಾಕ್ಟರ್ ಅಲ್ಪ ಏರಿದೆ, ಅದಕ್ಕೆ 2. ಇ.ಎಸ್.ಆರ್. ಏರಿದೆ, ಅದಕ್ಕೆ 1. ಮೂರನೆಯ ವಾರದಲ್ಲಿ ಒಟ್ಟು 5. ಆರನೆಯ ವಾರದಲ್ಲಿಯೂ ಊತ ಹಾಗೆಯೇ ಉಳಿದಿದ್ದರೆ ಒಟ್ಟು 6. ಅಷ್ಟರಲ್ಲಿ ಊತ ಇಳಿದುಹೋದರೆ ಅದು ಬೇರೇನೋ ಆಗಿದ್ದಿರಬಹುದು. ಕಾಲವೂ ಒಂದು ಪರೀಕ್ಷೆಯೇ. ಆದರೆ ಈ ಪಟ್ಟಿ ದಾರಿ ತೋರುವ ಕಲ್ಲು ಮಾತ್ರ. ಅನುಭವಿ ವೈದ್ಯರು 6 ಅಂಕ ತುಂಬುವ ಮುನ್ನವೇ ಔಷಧ ಪ್ರಾರಂಭಿಸಬಹುದು.

ಅದೇ ವೇಷ ಹಾಕಿ ಬರುವ ಬೇರೆ ಕಾಯಿಲೆಗಳು

ಚಿಕೂನ್‌ಗುನ್ಯಾ 2006ರಲ್ಲಿ ನಮ್ಮ ರಾಜ್ಯದ ಹಳ್ಳಿ ಹಳ್ಳಿಗೂ ಬಂದುದನ್ನು ಹಿರಿಯರು ಮರೆತಿಲ್ಲ. ಜ್ವರ ನಾಲ್ಕು ದಿನದಲ್ಲಿ ಹೋದರೂ ಕೀಲುನೋವು, ಊತ ಕೆಲವರಿಗೆ ತಿಂಗಳುಗಟ್ಟಲೆ ಇತ್ತು. ನೋಡಲು ಅದು ಸಂಧಿವಾತದಂತೆಯೇ ಇರುತ್ತದೆ. ಜ್ವರ ಬಂದು ಆಮೇಲೆ ಕೀಲು ಹಿಡಿಯಿತೆ ಎಂಬುದನ್ನು ತಪ್ಪದೆ ಹೇಳಿರಿ.

ದನಕರು ಸಾಕುವವರು ಇನ್ನೊಂದನ್ನು ಹೇಳಬೇಕು. ಹಸು ಎಮ್ಮೆಗಳು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟುತ್ತದೆ. ಬರಿಗೈಯಲ್ಲಿ ಮಾಸು ಎತ್ತಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಬೆವರುತ್ತದೆ, ಸೊಂಟ ಮಂಡಿಗಳು ನೋಯುತ್ತವೆ. ಇದಕ್ಕೆ ಬೇರೆ ಪರೀಕ್ಷೆ, ಬೇರೆ ಔಷಧ. “ನಮ್ಮ ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿತ್ತು” ಎಂಬ ಒಂದು ಮಾತು ಡಾಕ್ಟರಿಗೆ ಹತ್ತು ಪರೀಕ್ಷೆಗಳಷ್ಟು ಉಪಯೋಗವಾದೀತು.

ಗಂಡಸರಿಗೆ ಮಧ್ಯರಾತ್ರಿಯಲ್ಲಿ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ ಮುಟ್ಟಲಾರದಷ್ಟು ನೋಯುವುದು ಯೂರಿಕ್ ಆಸಿಡ್ಡಿನ ಗೌಟ್ ಇರಬಹುದು. ಥೈರಾಯ್ಡ್, ಕ್ಷಯ, ಸೋರಿಯಾಸಿಸ್ ಎಂಬ ಚರ್ಮರೋಗ ಇವೂ ಕೀಲುಗಳನ್ನು ಹಿಡಿಯುತ್ತವೆ.

ಕಾಯುವ ದಿನಗಳಲ್ಲಿ ಮಾಡಬೇಕಾದುದು

ಒಂದು ನೋಟುಬುಕ್ಕು ಇಡಿ. ಎಷ್ಟನೆಯ ತಾರೀಕು ನೋವು ಪ್ರಾರಂಭವಾಯಿತು, ಯಾವ ಯಾವ ಕೀಲು, ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು ಇತ್ತು, ಯಾವ ಮಾತ್ರೆ ನುಂಗಿದಿರಿ ಎಂದು ದಿನಕ್ಕೆ ಒಂದು ಸಾಲು ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿರಿ. ನೀವು ಆಸ್ಪತ್ರೆಗೆ ಹೋದ ದಿನವೇ ಊತ ಇಳಿದಿರುವುದುಂಟು. ಆದುದರಿಂದ ಊದಿದ ದಿನ ಬೆಳಿಗ್ಗೆಯೇ ಫೋನಿನಲ್ಲಿ ಕೈಯ ಚಿತ್ರ ತೆಗೆದಿಡಿ.

ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಾರೀಕಿನ ಪ್ರಕಾರ ಜೋಡಿಸಿರಿ. ಒಮ್ಮೆ ಬಂದ ಆರ್.ಎ. ಫ್ಯಾಕ್ಟರನ್ನು ಲ್ಯಾಬಿನಿಂದ ಲ್ಯಾಬಿಗೆ ಹೋಗಿ ಮತ್ತೆ ಮತ್ತೆ ಮಾಡಿಸಿ ಹಣ ಕಳೆಯಬೇಡಿರಿ. ಯಾವ ಪರೀಕ್ಷೆ ಮರಳಿ ಬೇಕೆಂದು ಡಾಕ್ಟರೇ ಹೇಳಲಿ.

ದೊಡ್ಡಾಸ್ಪತ್ರೆಗೆ ಹೋಗುವ ಮುನ್ನ ಆರೋಗ್ಯ ಕೇಂದ್ರದಿಂದ ಕಳಿಸುವ ಚೀಟಿ ಬರೆಸಿಕೊಳ್ಳಿರಿ. ಕೀಲುರೋಗದ ತಜ್ಞರನ್ನು ರುಮಟಾಲಜಿಸ್ಟ್ ಎನ್ನುತ್ತಾರೆ. ಇವರು ಎಲ್ಲ ಜಿಲ್ಲೆಗಳಲ್ಲಿ ಇಲ್ಲ. ಇಲ್ಲದ ಕಡೆ ಜಿಲ್ಲಾ ಆಸ್ಪತ್ರೆಯ ಅಥವಾ ಮೆಡಿಕಲ್ ಕಾಲೇಜಿನ ಫಿಜಿಶಿಯನ್ನರು ನೋಡುತ್ತಾರೆ. “ಉತ್ತರ ಯಾವ ದಿನ ಬರುತ್ತದೆ? ಬಾರದಿದ್ದರೆ ಯಾರನ್ನು ಕೇಳಲಿ? ಅಲ್ಲಿಯ ತನಕ ನೋವಿಗೆ ಏನು ತೆಗೆದುಕೊಳ್ಳಲಿ?” ಈ ಮೂರನ್ನು ಕೇಳದೆ ಕೊಠಡಿಯಿಂದ ಹೊರಗೆ ಬರಬೇಡಿರಿ. ಕೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿರಿ.

ಮನೆಯಲ್ಲಿ: ಬೆಳಿಗ್ಗೆ ಹದವಾದ ಬಿಸಿನೀರಿನಲ್ಲಿ ಕೈ ಅದ್ದಿ ನಿಧಾನವಾಗಿ ಬೆರಳು ಮಡಚಿ ಬಿಡಿಸಿರಿ. ಪೂರ್ತಿ ಹಾಸಿಗೆ ಹಿಡಿಯಬೇಡಿರಿ. ಕೀಲು ಆಡದಿದ್ದರೆ ಸುತ್ತಲ ಸ್ನಾಯು ಸೊರಗುತ್ತದೆ. ಆದರೆ ಊದಿದ ಕೈಯಲ್ಲಿ ಕೊಡ ಎತ್ತುವುದು, ಬಟ್ಟೆ ಹಿಂಡುವುದು, ಗುದ್ದಲಿ ಹಿಡಿಯುವುದು ಬೇಡ. ಗಂಡಸರೆ, ಮನೆಯಾಕೆಗೆ ಈ ತೊಂದರೆಯಿದ್ದರೆ ಹಾಲು ಕರೆಯುವ ಕೆಲಸವನ್ನು ಈ ಕೆಲವು ವಾರ ನೀವು ವಹಿಸಿಕೊಳ್ಳಿರಿ. ಇದರಿಂದ ಔಷಧದಷ್ಟೇ ಉಪಕಾರವಾಗುತ್ತದೆ.

ಊಟದಲ್ಲಿ ಪಥ್ಯ ಮಾಡಿ ಸೊರಗಬೇಡಿರಿ. ರಾಗಿ, ಬೇಳೆ, ಸೊಪ್ಪು, ಹಾಲು, ಮೊಟ್ಟೆ ಎಂದಿನಂತೆ ನಡೆಯಲಿ. ಬದನೆಕಾಯಿ, ಆಲೂಗೆಡ್ಡೆ ಬಿಟ್ಟ ಮಾತ್ರಕ್ಕೆ ಈ ಕಾಯಿಲೆ ಹೋಗುವುದಿಲ್ಲ. ಬಿಡಲೇಬೇಕಾದದ್ದು ಬೀಡಿ. ಹೊಗೆಸೊಪ್ಪಿನ ಹೊಗೆ ರುಮಟಾಯ್ಡ್ ಬರುವ ಸಂಭವವನ್ನು ಹೆಚ್ಚಿಸುತ್ತದೆ.

ಮಾಡಬಾರದುದು

ಎಲ್ಲಕ್ಕಿಂತ ದೊಡ್ಡ ಅಪಾಯ ‘ಒಂದೇ ದಿನದಲ್ಲಿ ಗುಣ’ ಎನ್ನುವ ಸೂಜಿ ಮತ್ತು ಪುಡಿ. ಇದರ ಹಿಂದೆ ಒಂದು ಕಥೆಯಿದೆ. 1948ರಲ್ಲಿ ಅಮೆರಿಕದ ಮೇಯೊ ಆಸ್ಪತ್ರೆಯಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ನಡೆಯಲಾರದಿದ್ದ ಸಂಧಿವಾತ ರೋಗಿಯೊಬ್ಬಳಿಗೆ ಕಾರ್ಟಿಸೋನ್ ಎಂಬ ಹೊಸ ಮದ್ದು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಜಗತ್ತು ಬೆರಗಾಯಿತು, 1950ರಲ್ಲಿ ಹೆಂಚ್ ಮತ್ತು ಇಬ್ಬರು ಸಂಶೋಧಕರಿಗೆ ನೊಬೆಲ್ ಬಹುಮಾನ ಬಂತು. ಆದರೆ ಆ ಮದ್ದನ್ನು ಬಹಳ ದಿನ ಕೊಟ್ಟವರಲ್ಲಿ ಮುಖ ಊದಿತು, ಮೂಳೆ ಟೊಳ್ಳಾಯಿತು, ಸಕ್ಕರೆ ರೋಗ ಬಂತು, ಸೋಂಕು ಹೆಚ್ಚಿತು. ಈ ಜಾತಿಯ ಮದ್ದಿಗೇ ಸ್ಟೀರಾಯ್ಡ್ ಎನ್ನುತ್ತಾರೆ. ಬಲ್ಲವರ ಕೈಯಲ್ಲಿ ಅದು ಅಳತೆಯಿಂದ ಉಪಕಾರಿ. ಹೆಸರಿಲ್ಲದ ಪುಡಿಯಲ್ಲಿ ಕದ್ದು ಬೆರೆಸಿದಾಗ ವಿಷ. ಪರೀಕ್ಷೆ ಮುಗಿಯುವ ಮುನ್ನ ಇದನ್ನು ತೆಗೆದುಕೊಂಡರೆ ಊತ ಅಡಗಿ, ಅಂಕಿ ಇಳಿದು, ತಜ್ಞರಿಗೆ ಕಾಯಿಲೆ ಕಾಣದಂತಾಗುತ್ತದೆ. ಈಗಾಗಲೇ ಬಹಳ ದಿನ ತೆಗೆದುಕೊಂಡಿದ್ದರೆ ಒಮ್ಮೆಗೇ ನಿಲ್ಲಿಸಲೂಬೇಡಿರಿ, ಅದೂ ಅಪಾಯ. ಪೊಟ್ಟಣ ಸಮೇತ ಡಾಕ್ಟರ ಬಳಿಗೆ ಹೋಗಿ ಮುಚ್ಚುಮರೆಯಿಲ್ಲದೆ ಹೇಳಿರಿ.

ಅಂಗಡಿಯ ನೋವಿನ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ, ಬಿಸಿಲಲ್ಲಿ ಬೆವರಿ ದಣಿದಿರುವಾಗ, ದಿನಗಟ್ಟಲೆ ನುಂಗಬೇಡಿರಿ. ಡೈಕ್ಲೋಫಿನಾಕ್ ಮೊದಲಾದ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ಮೂತ್ರಪಿಂಡ ಕೆಡಬಹುದು. ಯಾವುದು, ಎಷ್ಟು, ಎಷ್ಟು ದಿನ ಎಂದು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿರಿ.

ಇಂಥಾಗ ಕಾಯಬೇಡಿ

ಒಂದೇ ಕೀಲು ಒಮ್ಮೆಗೇ ಊದಿ ಸುಡುತ್ತಿದ್ದು ಜ್ವರ ಚಳಿಯೂ ಇದ್ದರೆ ಕೀಲಿನಲ್ಲಿ ಕೀವಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿರಿ. ಕಣ್ಣು ಕೆಂಪಾಗಿ ನೋವಿನಿಂದ ಮಂಜಾದರೆ, ಉಸಿರು ಕಟ್ಟಿದರೆ, ಕಪ್ಪು ಮಲ ಹೋದರೆ, ಕೈಕಾಲುಗಳಲ್ಲಿ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ನಿಮ್ಮ ಸರದಿಯ ತಾರೀಕಿಗೆ ಕಾಯಬಾರದು. 108ಕ್ಕೆ ಫೋನು ಮಾಡಿರಿ. ಮಕ್ಕಳ ಕೀಲು ಊದಿದರೂ ತಡ ಮಾಡಬಾರದು.

ಇನ್ನೊಂದು ಎಚ್ಚರಿಕೆ. ವಾರಗಳ ಕಾಯುವಿಕೆ ಸರಿ, ತಿಂಗಳುಗಳದು ಸಲ್ಲದು. ಕಳೆ ಎರಡೆಲೆ ಇರುವಾಗ ಕೀಳುವುದು ಸುಲಭ, ಬೀಜ ಉದುರಿದ ಮೇಲೆ ಕಷ್ಟ. ಊತ ಕಂಡು ಆರು ವಾರದೊಳಗೆ ತಜ್ಞರು ನೋಡುವುದು, ಕಾಯಿಲೆಯ ಲಕ್ಷಣಗಳು ಸ್ಪಷ್ಟವಾಗಿದ್ದಲ್ಲಿ ಮೂರು ತಿಂಗಳೊಳಗೆ ಔಷಧ ಪ್ರಾರಂಭವಾಗುವುದು ಒಳ್ಳೆಯದು ಎಂದು ಬಲ್ಲವರ ಮತ. ಕೊಟ್ಟ ದಿನಕ್ಕೆ ಉತ್ತರ ಬಾರದಿದ್ದರೆ ನೀವೇ ಹೋಗಿ ಕೇಳಿರಿ. ಕೊಯ್ಲು ಮುಗಿಯಲಿ, ಜಾತ್ರೆ ಕಳೆಯಲಿ ಎಂದು ಮುಂದೂಡಬೇಡಿರಿ.

ಕೊನೆಗೆ ‘ಹೌದು’ ಎಂದರೆ?

ಆಗಲೂ ಎದೆಗುಂದಬೇಕಾಗಿಲ್ಲ. ಹಿಂದೆ ಕೈ ಸೊಟ್ಟಗಾದವರ ಕಾಲದಲ್ಲಿ ತಕ್ಕ ಔಷಧ ಬೇಗ ಸಿಗುತ್ತಿರಲಿಲ್ಲ. ಈಗ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಮೊದಲ ಸಾಲಿನದು. ಬೆಲೆ ದುಬಾರಿಯಲ್ಲ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಒಂದು ಮಾತು ಚೆನ್ನಾಗಿ ನೆನಪಿಡಿ: ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ನುಂಗತಕ್ಕದ್ದು. ದಿನವೂ ನುಂಗಿದರೆ ಪ್ರಾಣಕ್ಕೆ ಅಪಾಯ. ಸಂತೆಯ ದಿನವೋ ಸೋಮವಾರವೋ ಒಂದು ದಿನ ಗೊತ್ತು ಮಾಡಿಕೊಂಡು ಮನೆಯವರೆಲ್ಲರಿಗೂ ಹೇಳಿಡಿ. ಬಸುರಿಯರಿಗೆ, ಬಸುರಾಗಲಿರುವವರಿಗೆ ಇದು ಆಗದು. ಹೆಂಡ ಸಾರಾಯಿ ಕೂಡದು. ಆಗಾಗ ರಕ್ತ ತೋರಿಸಬೇಕು. ಬೇಗ ಪ್ರಾರಂಭಿಸಿ ಬಿಡದೆ ನಡೆಸಿದ ಬಹಳ ಮಂದಿ ತಮ್ಮ ಕೆಲಸಗಳನ್ನು ತಾವೇ ಮಾಡಿಕೊಂಡಿದ್ದಾರೆ.

‘ಅಲ್ಲ’ ಎಂದರೆ ಸಂತೋಷ. ಆದರೂ ಊತ ಮರಳಿ ಬಂದರೆ ಮತ್ತೆ ತೋರಿಸಿರಿ.

ಇನ್ನು ಚಿಂತೆಯ ವಿಷಯ. ಉತ್ತರ ತಿಳಿಯದೆ ಇರುವುದು ಕೆಟ್ಟ ಉತ್ತರಕ್ಕಿಂತ ಭಾರ ಎಂದು ಅನೇಕರಿಗೆ ಅನಿಸುತ್ತದೆ. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಮನೆಯವರೊಂದಿಗೆ ಬಾಯಿ ಬಿಟ್ಟು ಮಾತಾಡಿರಿ. ನಿದ್ರೆ ಊಟ ಬಿಟ್ಟುಹೋಗುವಷ್ಟು ಮನಸ್ಸು ಕುಗ್ಗಿದರೆ 14416ಕ್ಕೆ ಫೋನು ಮಾಡಿರಿ. ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ಬಿತ್ತಿದ ಮೇಲೆ ಮೊಳಕೆಗೆ ಕಾಯುವುದು ರೈತರಿಗೆ ಹೊಸದಲ್ಲ. ಆಗ ನಾವು ಬದು ನೋಡುತ್ತೇವೆ, ಹಕ್ಕಿ ಕಾಯುತ್ತೇವೆ. ಈ ಕೆಲವು ವಾರಗಳನ್ನೂ ಹಾಗೆಯೇ ಕಳೆಯಿರಿ. ಇಂದು ಸಂಜೆಯೇ ನೋಟುಬುಕ್ಕಿನಲ್ಲಿ ಮೊದಲನೆಯ ಸಾಲು ಬರೆಯಿರಿ.